ಬಿಳಿ ಗೋಡೆಗೆ ಇಳಕಲ್ ಸೀರೆ

ಅಮೆರಿಕದ ಟೆಕ್ಸಾಸಿನಲ್ಲಿ, ಡಾಲಸ್ ಸುತ್ತಮುತ್ತಲಿನ ಪ್ಲೇನೋ, ಫ್ರಿಸ್ಕೋ, ಮೆಕಿನ್ನಿಗಳಲ್ಲಿ ನಮ್ಮವರ ಗೃಹಪ್ರವೇಶಕ್ಕೆ ಹೋದರೆ ಒಂದೇ ಮನೆಯನ್ನು ಮತ್ತೆ ಮತ್ತೆ ನೋಡಿದ ಹಾಗಾಗುತ್ತದೆ. ಬಿಳಿ ಗೋಡೆ, ಬೂದು ಸೋಫಾ, ಟೀವಿ ಪಕ್ಕ ಒಂದು ಬುದ್ಧನ ತಲೆ. ಕನ್ನಡದವರ ಮನೆ ಅಂತ ಗೊತ್ತಾಗುವುದು ಒಗ್ಗರಣೆ ವಾಸನೆಯಿಂದ ಮಾತ್ರ. ಕೇಳಿದರೆ, 'ಡೌನ್ ಪೇಮೆಂಟಿಗೇ ಕೈ ಖಾಲಿ ಆಯ್ತು, ಇನ್ನು ಅಲಂಕಾರ ಎಲ್ಲಿಂದ?' ಅನ್ನುತ್ತಾರೆ. ನಾನು ಧಾರವಾಡದವಳು, ಕೈ ಸ್ವಲ್ಪ ಬಿಗಿ. ಇನ್ನೂರು ಡಾಲರ್ ದಾಟದೆ ಈ ಕೆಲಸ ಆಗುತ್ತದೆ ಅಂತ ಧೈರ್ಯವಾಗಿ ಹೇಳಬಲ್ಲೆ. ಒಂದೇ ಷರತ್ತು: 'ಎಥ್ನಿಕ್ ಡೆಕೋರ್' ಅಂತ ಬೋರ್ಡು ಹಾಕಿದ ಅಂಗಡಿಗೆ ಕಾಲಿಡಬೇಡಿ. ಮೊದಲು ಟ್ರಂಕು ತೆಗೆಯಿರಿ.

ಟ್ರಂಕಿನಲ್ಲಿ ಸೀರೆ ಇದ್ದೇ ಇರುತ್ತದೆ. ಆರು ಗಜ ಅಂದರೆ 216 ಇಂಚು, ನಡುವೆ ಕತ್ತರಿಸಿದರೆ 108 ಇಂಚಿನ ಎರಡು ತುಂಡು. ಇಲ್ಲಿ ಸಿಗುವ ಸಿದ್ಧ ಪರದೆಗಳ ಸಾಮಾನ್ಯ ಉದ್ದ 84 ಅಥವಾ 96 ಇಂಚು. ಮೇಲೆ ಸರಳು ತೂರಿಸಲು ಮಡಿಸಿ, ಕೆಳಗೆ ಅಗಲವಾಗಿ ಅಂಚು ಹೊಲಿದರೂ 96 ಇಂಚು ಸಲೀಸಾಗಿ ಬರುತ್ತದೆ. ಸೀರೆಯ ಅಗಲ 45 ಇಂಚಿನ ಆಸುಪಾಸು, ಎರಡೂ ಸೇರಿ 90. ಐದಡಿ ಅಗಲದ ಕಿಟಕಿಗೆ ನೆರಿಗೆ ಚೆನ್ನಾಗಿ ಬೀಳುತ್ತದೆ. ಅವ್ವ ಉಡುತ್ತಿದ್ದ ಎಂಟು-ಒಂಬತ್ತು ಗಜದ್ದಾದರೆ ಮಿಕ್ಕಿದ್ದು ದಿಂಬಿನ ಗವಸಿಗೆ. ಕತ್ತರಿ ಹಾಕುವುದು ಕಲೆ ಬಿದ್ದದ್ದಕ್ಕೆ, ಪಿಸಿದದ್ದಕ್ಕೆ ಮಾತ್ರ. ಗಟ್ಟಿ ಇರುವ ಸೀರೆ ಇಡಿಯಾಗಿ ಇರಲಿ.

ಇಳಕಲ್ ಆದರೆ ಇನ್ನೊಂದು ಮಾತು. ಅದರ ಒಡಲಿನ ಹಾಸೂ (ಉದ್ದದ ಎಳೆ) ಸೆರಗಿನ ಹಾಸೂ ಬೇರೆ ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಬೆರಳಾಡಿಸಿದರೆ ಆ ಗೆರೆ ಕೈಗೆ ಸಿಗುತ್ತದೆ. ಅಲ್ಲಿ ಕತ್ತರಿ ಇಟ್ಟಿರೋ, ಎಳೆಗಳು ಬಿಚ್ಚಿಕೊಳ್ಳತೊಡಗುತ್ತವೆ. ಕೊಂಡಿಯಿಂದ ಗೇಣು ದೂರ ಬಿಟ್ಟು, ಟೋಪ್ ತೆನಿ ಅನ್ನುವ ಆ ಕೆಂಪು ಸೆರಗನ್ನು ಒಂದು ಪರದೆಯ ಕೆಳತುದಿಗೆ ಬರುವಂತೆ ಹೊಲಿಸಿ. ಇನ್ನೊಂದು ಪರದೆಗೆ ಸೆರಗು ಇರುವುದಿಲ್ಲ, ಚಿಂತೆ ಬೇಡ. ಜೋಡಿ ಹೊಂದಲಿಲ್ಲ ಅಂತ ಕೊರಗುವವರು ಅಂಗಡಿಯಲ್ಲೇ ಪರದೆ ತಂದುಕೊಳ್ಳಲಿ. ಟೆಕ್ಸಾಸಿನ ಪಡುವಣ ಬಿಸಿಲು ಎಂಥಾ ಬಣ್ಣವನ್ನೂ ನುಂಗುತ್ತದೆ. ಆ ಕಡೆಯ ಕಿಟಕಿಗಾದರೆ ಹಿಂದೆ ಹಳೇ ಬಿಳಿ ಬೆಡ್‌ಶೀಟಿನ ಅಸ್ತರು ಕಡ್ಡಾಯ.

ಕಸೂತಿ ಇದ್ದರೆ ಅದನ್ನು ಗೋಡೆಗೆ ಅಂಟಿಸಿ ಹಾಳು ಮಾಡಬೇಡಿ. ಗವಂತಿ, ಮುರಗಿ ಹೊಲಿಗೆಗಳು ಮುಂದೂ ಹಿಂದೂ ಒಂದೇ ಥರ ಕಾಣುತ್ತವೆ. ಗೋಪುರ, ತೇರು, ತುಳಸಿಕಟ್ಟೆ ಎಲ್ಲ ಎಳೆ ಎಣಿಸಿ ಹಾಕಿದ್ದು, ಗಂಟು ಎಲ್ಲೂ ಇಣುಕುವುದಿಲ್ಲ. ಹಾಲ್, ಊಟದ ಮನೆ ಒಂದೇ ಆಗಿರುವ ಇಲ್ಲಿನ ಓಪನ್ ಪ್ಲ್ಯಾನ್ ಮನೆಗಳಲ್ಲಿ ಎರಡರ ನಡುವೆ ಒಂದು ಸರಳಿನಿಂದ ಇಳಿಬಿಟ್ಟರೆ ಎರಡೂ ಕಡೆಯಿಂದ ನೋಡಬಹುದು. ಮರೆಯೂ ಆಯಿತು.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಒಂದು ಗೋಡೆ, ಊರಮನೆಯ ಕಾವಿ ನೆಲದ ಬಣ್ಣ. ಒಂದು ಗ್ಯಾಲನ್ ಸುಮಾರು 350 ಚದರಡಿಗೆ ಒಂದು ಸಲ ಬಳಿಯಲು ಸಾಕು. ಯಾರೋ ಕಲೆಸಿ ಬೇಡವೆಂದು ಬಿಟ್ಟ ಡಬ್ಬಗಳನ್ನು ಬಣ್ಣದ ಅಂಗಡಿಗಳಲ್ಲಿ ಅಗ್ಗಕ್ಕೆ ಮಾರುತ್ತಾರೆ, ಕೇಳಿ ನೋಡಿ.

ಹಿತ್ತಾಳೆಗೆ ಗುಡ್‌ವಿಲ್, ರೀಸ್ಟೋರ್‌ನಂಥ ಹಳೇ ಸಾಮಾನಿನ ಅಂಗಡಿ, ಶನಿವಾರದ ಗರಾಜ್ ಸೇಲ್. ಅಮೆರಿಕನ್ನರು ಎಂದೋ ಕೊಂಡ 'ಮೇಡ್ ಇನ್ ಇಂಡಿಯಾ' ಹೂದಾನಿ, ತಟ್ಟೆ, ಗಂಟೆಗಳು ಅಲ್ಲಿ ಐದಾರು ಡಾಲರಿಗೆ ಬಿದ್ದಿರುತ್ತವೆ. ಪರ್ಸಿನಲ್ಲಿ ಫ್ರಿಜ್ಜಿನ ಒಂದು ಆಯಸ್ಕಾಂತ ಇರಲಿ. ಅಂಟಿಕೊಂಡರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ, ಅಲ್ಲೇ ಬಿಟ್ಟು ಬನ್ನಿ. ಮನೆಗೆ ತಂದ ಮೇಲೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ಕೂಡಲೇ ಒರೆಸಿ. ಹಳೇ ಹಿತ್ತಾಳೆಯಲ್ಲಿ ಸೀಸ ಇರಬಹುದಾದ್ದರಿಂದ ನೋಟಕ್ಕೆ ಮಾತ್ರ, ಊಟಕ್ಕೆ ಬೇಡ. ಬಿದರಿ ಸಿಕ್ಕರೆ ನಿಮ್ಮ ಅದೃಷ್ಟ! ಆದರೆ ಅದಕ್ಕೆ ಹುಣಸೆಹಣ್ಣೂ ಬೇಡ, ಪಾಲಿಶ್ಶೂ ಬೇಡ. ಬೀದರ್ ಕೋಟೆಯ ಮಣ್ಣಿನಿಂದ ಬಂದ ಆ ಕಪ್ಪೇ ಅದರ ಜೀವ, ತಿಕ್ಕಿದರೆ ಹೋಯಿತು. ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.

ಇಲ್ಲಿನ ಗೋಡೆ ಇಟ್ಟಿಗೆಯದಲ್ಲ, ಅರ್ಧ ಇಂಚಿನ ಜಿಪ್ಸಂ ಹಲಗೆ. ಭಾರದ ಹಿತ್ತಾಳೆ ತಟ್ಟೆಗೆ ಬರೀ ಮೊಳೆ ಹೊಡೆದರೆ ಗೋಡೆಯ ಸಮೇತ ಕೆಳಗೆ ಬರುತ್ತದೆ. ಒಳಗಿನ ಮರದ ಕಂಬಗಳು ಸಾಮಾನ್ಯವಾಗಿ 16 ಇಂಚಿಗೊಂದು. ಅದೇ ಆಯಸ್ಕಾಂತವನ್ನು ಗೋಡೆ ಮೇಲೆ ಮೆಲ್ಲಗೆ ಆಡಿಸಿ, ಎಲ್ಲಿ ಹಿಡಿಯುತ್ತದೋ ಅಲ್ಲಿ ಹಲಗೆಯ ಸ್ಕ್ರೂ ಇದೆ, ಅದರ ಹಿಂದೆಯೇ ಕಂಬ. ಉಯ್ಯಾಲೆ ಎಲ್ಲರ ಕನಸು, ನನ್ನದೂ. ಆದರೆ ಇಲ್ಲಿನ ಛಾವಣಿ ಹೊರುವ ಮರದ ಚೌಕಟ್ಟುಗಳನ್ನು (ಟ್ರಸ್) ತೂಗಾಡುವ ಭಾರಕ್ಕೆ ಲೆಕ್ಕ ಹಾಕಿ ಮಾಡಿರುವುದಿಲ್ಲ. ಎಂಜಿನಿಯರನ್ನು ಕೇಳದೆ ಸರಪಳಿ ತೂಗುಹಾಕಬೇಡಿ, ನೆಲದ ಮೇಲೆ ನಿಲ್ಲುವ ಚೌಕಟ್ಟಿನದು ಹುಡುಕಿ.

ದೇವರ ಮನೆಗೆ ಬಾಗಿಲ ಬಳಿಯ ಕೋಟ್ ಕ್ಲಾಸೆಟ್ ಹೇಳಿ ಮಾಡಿಸಿದ್ದು. ಈ ಊರಿನ ಚಳಿಗೆ ಅಷ್ಟೊಂದು ಕೋಟು ಯಾರಿಗೆ ಬೇಕು? ಬಾಗಿಲು, ಸರಳು ಬಿಚ್ಚಿಡಿ. ಮೇಲಿನ ಹಲಗೆ ತೆಗೆಯಲೇಬೇಕು, ಅದರ ಕೆಳಗೆ ದೀಪ ಉರಿಸುವುದು ಅಪಾಯ. ಉರಿಯುವ ದೀಪವನ್ನು ಬಿಟ್ಟು ಹೊರಗೆ ಹೋಗಬೇಡಿ. ಕರ್ಪೂರಕ್ಕೆ ಸ್ಮೋಕ್ ಅಲಾರಂ ಕೂಗಿಕೊಂಡರೆ ಕಿಟಕಿ ತೆರೆಯಿರಿ, ಬ್ಯಾಟರಿ ಕೀಳಬೇಡಿ.

ಹೊಸ್ತಿಲಾಚೆ ಎಚ್‌ಒಎ, ಅಂದರೆ ಬಡಾವಣೆಯ ಮನೆಮಾಲೀಕರ ಸಂಘದ ರಾಜ್ಯ. ಮುಂಬಾಗಿಲಿಗೆ ಕುಂಕುಮದ ಬಣ್ಣ ಬಳಿಯುವ ಮೊದಲು ಅವರ ಲಿಖಿತ ಒಪ್ಪಿಗೆ ತಗೊಳ್ಳಿ. ಧಾರ್ಮಿಕ ವಸ್ತುಗಳಿಗೆ ಮಾತ್ರ ಟೆಕ್ಸಾಸ್ ಕಾನೂನಿನ ರಕ್ಷಣೆ ಇದೆ. 2021ರ ತಿದ್ದುಪಡಿಯ ನಂತರ ಅದು ಬಾಗಿಲಿಗಷ್ಟೇ ಸೀಮಿತವಲ್ಲ. ಮಾವಿನ ಎಲೆಯನ್ನು ಊರಿನಿಂದ ತರಲು ಹೋಗಬೇಡಿ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಹಳೇ ಹಸಿರು ಸೀರೆಯ ಜರಿಯಂಚಿನಿಂದ ಎಲೆಯಾಕಾರ ಕತ್ತರಿಸಿ ಹೊಲಿದ ತೋರಣ ವರ್ಷಗಟ್ಟಲೆ ಬಾಳುತ್ತದೆ. ಇಲ್ಲಿನ ಗಾಳಿಗೆ ರಂಗೋಲಿ ಪುಡಿ ನಿಲ್ಲದು. ಅಕ್ಕಿಹಿಟ್ಟು ಕಲಸಿ ಬಟ್ಟೆ ಅದ್ದಿ ಬರೆಯಿರಿ, ಇಲ್ಲವೇ ಮಕ್ಕಳ ಸೀಮೆಸುಣ್ಣ.

ಊರಿಗೆ ಹೋದಾಗ ಅಜ್ಜಿಯ ಕಾಲದ ವಿಗ್ರಹ ಕಂಡು ಸೂಟ್‌ಕೇಸಿಗೆ ಹಾಕುವ ಆಸೆ ಬರುತ್ತದೆ. ತಡೆಯಿರಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಚಿತ್ರ, ಕೆತ್ತನೆಗಳನ್ನು ನಾವು-ನೀವು ದೇಶದಾಚೆ ಒಯ್ಯುವಂತಿಲ್ಲ, ಹಸ್ತಪ್ರತಿಗಾದರೆ 75 ವರ್ಷ. ದಸರೆಯ ಪಟ್ಟದ ಗೊಂಬೆ ರಕ್ತಚಂದನದ್ದಾದರೆ ಅದೂ ಅಲ್ಲೇ ಇರಲಿ, ಆ ಮರದ ರಫ್ತಿಗೆ ನಿರ್ಬಂಧವಿದೆ. ಚನ್ನಪಟ್ಟಣದ ಗೊಂಬೆ ತನ್ನಿ. ಹಗುರ, ಗಟ್ಟಿ, ಅಗ್ಗ. ಗೊಂಬೆ ಕೂರಿಸಲು ಮೆಟ್ಟಿಲೂ ಕೊಳ್ಳಬೇಕಿಲ್ಲ. ಮನೆ ಬದಲಿಸಿದಾಗಿನ ರಟ್ಟಿನ ಪೆಟ್ಟಿಗೆಗಳಿಗೆ ಪುಸ್ತಕ ತುಂಬಿ ಐದು ಅಥವಾ ಏಳು ಹಂತ ಜೋಡಿಸಿ, ಮೇಲೆ ಬಿಳಿ ಪಂಚೆ ಹಾಸಿ. ಹಬ್ಬ ಮುಗಿದ ಮೇಲೆ ಪೆಟ್ಟಿಗೆ ಗರಾಜಿಗೆ ಹೋಗಬಹುದು, ಗೊಂಬೆ ಮಾತ್ರ ಗರಾಜಿಗೂ ಬೇಡ, ಅಟ್ಟಕ್ಕೂ ಬೇಡ. ಮೇಲಿನ ಬಣ್ಣ ಅರಗಿನದು, ಇಲ್ಲಿನ ಆಗಸ್ಟ್ ಸೆಕೆಗೆ ಮೆತ್ತಗಾಗಿ ಸುತ್ತಿದ ಕಾಗದವೇ ಅಂಟಿಕೊಳ್ಳಬಹುದು. ಹತ್ತಿಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗಿಡಿ. ಒರೆಸುವಾಗಲೂ ಒಣಬಟ್ಟೆಯೇ ಇರಲಿ, ಸ್ಯಾನಿಟೈಸರ್ ತಾಗಿದರೆ ಅರಗು ಕರಗುತ್ತದೆ.