ಹಂಚಿನ ಕಾರ್ಖಾನೆ ಜಾಗದಲ್ಲಿ ಆರು ಮನೆ

ಮಂಗಳೂರಿನಲ್ಲಿ ನೇತ್ರಾವತಿ ಹೊಳೆಯ ಹತ್ತಿರ, ಮುಚ್ಚಿಹೋದ ಹಂಚಿನ ಕಾರ್ಖಾನೆಯ ಒಂದು ತುಂಡು ಜಾಗದಲ್ಲಿ ನಾನು ಆರು ಮನೆ ಕಟ್ಟಿದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚು ಮಾಡಲು ಶುರು ಮಾಡಿದ ಮೇಲೆ ಈ ಹೊಳೆ ಬದಿಯಲ್ಲಿ ಎಷ್ಟೋ ಚಿಮಣಿಗಳು ಎದ್ದಿದ್ದವು. ಈಗ ಹೆಚ್ಚಿನವು ಇಲ್ಲ. ಜಾಗ ಕೊಂಡವರು ಮೊದಲು ಶೆಡ್ ಕೆಡವಿ ಹಳೇ ಹಂಚನ್ನು ಲಾರಿಗೆ ತುಂಬಿಸುತ್ತಾರೆ. ನಾನು ಒಂದು ಲೋಡನ್ನೂ ಹೊರಗೆ ಬಿಡಲಿಲ್ಲ.

ತಪ್ಪು ಶುರುವಿನಲ್ಲೇ ಆಯಿತು. ಮಣ್ಣು ನೋಡಲು ಎರಡೇ ಗುಂಡಿ ತೋಡಿಸಿದ್ದೆ. ಎರಡರಲ್ಲೂ ನಾಲ್ಕಡಿಗೇ ಗಟ್ಟಿ ಮುರ, ಅಂದರೆ ಕೆಂಪುಕಲ್ಲಿನ ಪದರ, ಸಿಕ್ಕಿತ್ತು. ಪಾಯ ತೆಗೆಯುವಾಗ ಒಂದು ಮೂಲೆಯಲ್ಲಿ ಒಂಬತ್ತಡಿ ಹೋದರೂ ಬರೀ ಜೇಡಿಮಣ್ಣು, ಬೂದಿ, ಒಡಕು ಹಂಚು. ಹಿಂದೆ ಅಲ್ಲಿ ಮಣ್ಣು ನೆನೆಸುವ ಹೊಂಡ ಇತ್ತಂತೆ. ಸಿಮೆಂಟು ಕಡಿಮೆ ಮಾಡಬೇಕೆಂದು ಹೊರಟ ನಾನು ಪಾಯಕ್ಕೇ ಜಾಸ್ತಿ ಸಿಮೆಂಟು ಸುರಿದೆ. ಇವತ್ತಿಗೂ ಅದು ಬೇಸರವೇ. ಕಾರ್ಖಾನೆ ಜಾಗವಾದರೆ ಮೂಲೆ ಮೂಲೆಗೂ ಗುಂಡಿ ತೋಡಿಸಿ. ಅಲ್ಲಿ ದುಡಿದವರನ್ನು ಕೇಳಿ. ಯಂತ್ರ ಇದ್ದ ಕಡೆ ಎಣ್ಣೆ ಕುಡಿದ ಮಣ್ಣನ್ನು ಬೇರೆ ತೆಗೆಸಿ, ಬಾವಿ ನೀರನ್ನು ಪರೀಕ್ಷೆಗೆ ಕೊಡಿ.

ಗೋಡೆಗೆ ಕೆಂಪುಕಲ್ಲು. ಕೋರೆಯಿಂದ ಕೊಯ್ದು ತಂದರಾಯಿತು, ಸುಡಬೇಕಾಗಿಲ್ಲ.

ನನಗೆ ತುಂಬಾ ಖುಷಿ ಕೊಟ್ಟದ್ದು ಸ್ಲ್ಯಾಬಿನ ಕೆಲಸ. ಸ್ಲ್ಯಾಬು ಭಾರಕ್ಕೆ ಬಾಗಿದಾಗ ಅದರ ಕೆಳಭಾಗ ಎಳೆತಕ್ಕೆ ಸಿಗುತ್ತದೆ. ಎಳೆತ ತಡೆಯುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟು ಸುಮ್ನೆ ಭಾರ. ಆ ಜಾಗದಲ್ಲಿ ಎರಡೆರಡು ಹಂಚು ಒಂದರ ಮೇಲೊಂದು ಇಟ್ಟೆವು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಮನೆ ಮನೆಗೆ ಮುಟ್ಟಿಸಿದ ಫಿಲ್ಲರ್ ಸ್ಲ್ಯಾಬ್ ಇದೇ. ಕಾಂಕ್ರೀಟಿನಲ್ಲಿ ಸುಮಾರು ಕಾಲು ಭಾಗ ಉಳಿತಾಯವಾಯಿತು. ಸುಣ್ಣಕಲ್ಲು ಸುಟ್ಟು ಸಿಮೆಂಟು ಮಾಡುವಾಗ ಉರಿಯ ಹೊಗೆ ಮಾತ್ರ ಅಲ್ಲ, ಕಲ್ಲಿನೊಳಗಿನ ಇಂಗಾಲವೂ ಹೊರಗೆ ಬರುತ್ತದೆ. ಹಾಗಾಗಿ ಒಂದೊಂದು ಚೀಲ ಉಳಿದದ್ದೂ ಲೆಕ್ಕಕ್ಕೆ ಬರುತ್ತದೆ, ಅಲ್ವಾ?

ಹಂಚು ಆರಿಸಲು ಕಲಿಸಿದ್ದು ಅದೇ ಕಾರ್ಖಾನೆಯಲ್ಲಿ ದುಡಿದಿದ್ದ ಒಬ್ಬ ಅಕ್ಕ. "ಬೆರಳಲ್ಲಿ ತಟ್ಟಿ ನೋಡಿ ಮಾರಾಯ್ರೆ, ಗಂಟೆ ಹಾಗೆ ಕೇಳಬೇಕು. ದಬ್ ಅಂದ್ರೆ ಒಳಗೆ ಬಿರುಕುಂಟು" ಎಂದರು. ಕಾಂಕ್ರೀಟು ಹಾಕುವ ಮೊದಲು ಹಂಚನ್ನು ಚೆನ್ನಾಗಿ ನೆನೆಸಲೇಬೇಕು. ಒಣ ಹಂಚು ಕಾಂಕ್ರೀಟಿನ ನೀರನ್ನೆಲ್ಲ ಹೀರಿಬಿಡುತ್ತದೆ. ಗೋಡೆಯ ಅಂಚಿನಲ್ಲಿ, ಬಚ್ಚಲು ಬರುವ ಕಡೆ ಹಂಚು ಇಡಬೇಡಿ, ಪೂರ್ತಿ ಕಾಂಕ್ರೀಟೇ ಇರಲಿ.

ಮೇಲಿನ ಮಾಡಿಗೆ ಎರಡು ಪದರ: ಮೇಲೆ ಮಂಗಳೂರು ಹಂಚು, ಕೆಳಗೆ ಸೀಲಿಂಗ್ ಹಂಚು, ನಡುವೆ ಗಾಳಿ. ಪಶ್ಚಿಮದ ಗೋಡೆಗೆ ಮೂರಡಿ ಸೂರು ಇಳಿಸಿದೆ. ಮಳೆಗಾಲದ ಎರಚಲೂ ಸಂಜೆ ಬಿಸಿಲೂ ಎರಡೂ ಅಲ್ಲೇ ನಿಲ್ಲುತ್ತವೆ. ಕಡಲಿನ ಗಾಳಿ ಒಳಗೆ ಬಂದು ಎದುರು ಗೋಡೆಯಿಂದ ಹೊರಗೆ ಹೋಗುವಂತೆ ಕಿಟಕಿ ಇಟ್ಟೆ. ಸೆಕೆ ಇಲ್ಲವೇ ಇಲ್ಲ ಅನ್ನುವುದಿಲ್ಲ; ಏಪ್ರಿಲ್‌ನಲ್ಲಿ ಫ್ಯಾನ್ ಬೇಕೇ ಬೇಕು. ಆದರೆ ಆರು ಮನೆಯಲ್ಲಿ ಯಾರೂ ಇನ್ನೂ ಏಸಿ ಹಾಕಿಸಿಲ್ಲ.

ತಟ್ಟಿದಾಗ ದಬ್ ಅಂದ ಹಂಚನ್ನೆಲ್ಲ ಪುಡಿ ಮಾಡಿ ಅಂಗಳಕ್ಕೆ ಹಾಸಿದ್ದೇವೆ. ಜೋರು ಮಳೆ ನಿಂತು ಸ್ವಲ್ಪ ಹೊತ್ತಿಗೆಲ್ಲ ಅಲ್ಲಿ ಮಕ್ಕಳು ಆಡುತ್ತಿರುತ್ತಾರೆ.