ಹೊಳೆ ಮೀನು, ಕಡಲ ಮೀನು: ನಮ್ಮ ಕಡೆ ಯಾವುದು ರುಚಿ, ಅದನ್ನು ಕೆಡಿಸದೆ ಬೇಯಿಸುವುದು ಹೇಗೆ

ಸುರ್ಮಾಯಿ (ಅಂಜಲ್) ದೊಡ್ಡ ಮೀನು, ಖರೆ. ಆದರೆ ಗೋವಾದ ಧಕ್ಕೆಯಿಂದ ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಬಂದು, ಅಲ್ಲಿ ಪೆಟ್ಟಿಗೆ ಬದಲಾಗಿ, ಮತ್ತೆ ಮೂರ್ನಾಲ್ಕು ತಾಸು ಟೆಂಪೋದಲ್ಲಿ ಕುಲುಕಿ ವಿಜಯಪುರ ಮುಟ್ಟಿದ ಸುರ್ಮಾಯಿಗಿಂತ, ಅದೇ ನಸುಕಿನಲ್ಲಿ ಆಲಮಟ್ಟಿ ಹಿನ್ನೀರಿನ ಬಲೆಗೆ ಬಿದ್ದ ಬಾಳೆಮೀನು ಎಷ್ಟೋ ಪಾಲು ರುಚಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಲ್ಲಿ ಮೀನು ಕೊಳ್ಳುವವರು ಮೊದಲು ತಾಸು ಎಣಿಸಬೇಕು, ಆಮೇಲೆ ಜಾತಿ ನೋಡಬೇಕು.

ಹೊಳೆ ಮೀನಿನಲ್ಲಿ ಮೊದಲ ಸ್ಥಾನ ಕೊರವಕ್ಕೆ. ಮರಾಠಿ ಮಾತಾಡುವವರು ಇದನ್ನೇ ಮರಳ್ ಅನ್ನುತ್ತಾರೆ. ಹಾವಿನ ತಲೆ, ಉದ್ದ ಮೈ. ಇದು ಗಾಳಿಯನ್ನೇ ಉಸಿರಾಡಬಲ್ಲದು, ಅದಕ್ಕೇ ಬುಟ್ಟಿಯಲ್ಲಿ ಒದ್ದೆ ಗೋಣಿಯ ಕೆಳಗೂ ತಾಸುಗಟ್ಟಲೆ ಜೀವಂತ ಇರುತ್ತದೆ. ಕಣ್ಣೆದುರೇ ಕೊಯ್ಯಿಸಿಕೊಳ್ಳಬಹುದಾದ ಮೀನು ನಮ್ಮಲ್ಲಿ ಬೇರೆ ಹೆಚ್ಚಿಲ್ಲ. ಮಾಂಸ ಬಿಳಿ, ಬಿಗಿ. ನಡು ಮುಳ್ಳು ತೆಗೆದರೆ ಸಣ್ಣ ಮುಳ್ಳಿನ ಕಾಟವಿಲ್ಲ. ಮುಕ್ಕಾಲು ಕಿಲೋದಿಂದ ಒಂದೂವರೆ ಕಿಲೋ ಒಳಗಿನದು ಒಳ್ಳೆಯದು. ಅದಕ್ಕಿಂತ ದೊಡ್ಡದಾದರೆ ಮಾಂಸ ನಾರುನಾರು. ಮೈಯ ಲೋಳೆ ಹೋಗಬೇಕಾದರೆ ಒಂದು ಹಿಡಿ ಕಲ್ಲುಪ್ಪು ಮತ್ತು ಬೂದಿ ಇಲ್ಲವೆ ಜೋಳದ ಹಿಟ್ಟಿನಿಂದ ತಿಕ್ಕಿ, ತಣ್ಣೀರಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ಲೋಳೆ ಚರ್ಮಕ್ಕೇ ಹತ್ತಿಕೊಳ್ಳುತ್ತದೆ.

ಎರಡನೆಯದು ಬಾಳೆಮೀನು. ಹುರುಪೆ ಇಲ್ಲ, ಮುಳ್ಳು ಕಡಿಮೆ, ಹೊಟ್ಟೆಯಲ್ಲಿ ಕೊಬ್ಬು. ಆ ಕೊಬ್ಬೇ ರುಚಿ, ಬೇಗ ಹಳಸುವುದಕ್ಕೂ ಅದೇ ಕಾರಣ. ತಂದ ದಿನವೇ ಬೇಯಿಸಬೇಕು, ಫ್ರಿಜ್‌ನಲ್ಲಿಟ್ಟು ರವಿವಾರಕ್ಕೆ ಕಾಯಬಾರದು. ಸಿಕ್ಕಿದ್ದನ್ನೆಲ್ಲ ನುಂಗುವ ಮೀನಾದ್ದರಿಂದ ಕರುಳು ಒಡೆಯದಂತೆ ತೆಗೆದು, ಹೊಟ್ಟೆಯ ಒಳಗೋಡೆಯನ್ನು ಚಾಕುವಿನ ಬೆನ್ನಿನಿಂದ ಕೆರೆಯಿರಿ.

ಕಟ್ಲಾ, ರೋಹು, ಮೃಗಾಲ ಎಲ್ಲ ಅಂಗಡಿಯಲ್ಲೂ ಸಿಗುವ ಮೂರು. ಕಟ್ಲಾದ ತಲೆ ಮತ್ತು ಹೊಟ್ಟೆ ತುಂಡು ಸಾರಿಗೆ, ರೋಹು ಹುರಿಯಲಿಕ್ಕೆ. ಮೃಗಾಲ ತಳದ ಕೆಸರಿನಲ್ಲಿ ಮೇಯುವ ಮೀನು, ಮುಳ್ಳೂ ಹೆಚ್ಚು. ಬೆಲೆ ಕಡಿಮೆ ಅನ್ನುವುದೊಂದೇ ಅದರ ಗುಣ. ಈ ಮೂರರ ಮಾಂಸದೊಳಗೂ ಕವೆಯಾಕಾರದ ಸಣ್ಣ ಮುಳ್ಳುಗಳಿವೆ. ಒಂದು ಕಿಲೋ ಒಳಗಿನ ಕಟ್ಲಾದಲ್ಲಿ ಅವು ಕೂದಲಿನಂತೆ ಇದ್ದು ಕಣ್ಣಿಗೆ ಬೀಳುವುದಿಲ್ಲ, ಗಂಟಲಿಗೆ ಬೀಳುತ್ತವೆ. ಎರಡು-ಮೂರು ಕಿಲೋದ ಮೀನಿನಲ್ಲಿ ದಪ್ಪಗಾಗಿರುತ್ತವೆ, ಕೈಯಲ್ಲೇ ಆರಿಸಬಹುದು. ಮಕ್ಕಳಿಗೆ ತಿನ್ನಿಸುವುದಾದರೆ ದೊಡ್ಡ ಮೀನಿನ ಹೊಟ್ಟೆ ಭಾಗವನ್ನೇ ಕೇಳಿ. ಜಿಲೇಬಿ ಮೀನು (ತಿಲಾಪಿಯ) ಅಗ್ಗ, ಮುಳ್ಳು ಕಡಿಮೆ, ಹುರಿದರೆ ಚಲೋ. ಚರಂಡಿ ನೀರು ಸೇರುವ ಕೆರೆಯದು ಮಾತ್ರ ಬೇಡ.

ಹೊಳೆ ಮೀನು ಒಲ್ಲೆ ಅನ್ನುವವರು ಹೇಳುವುದು ಒಂದೇ ದೂರು: ಮಣ್ಣಿನ ವಾಸನೆ. ಅದು ಮಣ್ಣಿನದಲ್ಲ. ಹಸಿರು ಪಾಚಿಯಂತೆ ಕಾಣುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಬಿಡುವ ಜಿಯೋಸ್ಮಿನ್ ಎಂಬ ವಸ್ತು ಕಿವಿರಿನ ಮೂಲಕ ಒಳಹೋಗಿ ಮೀನಿನ ಕೊಬ್ಬಿನಲ್ಲಿ ಕೂರುತ್ತದೆ. ಮೊದಲ ಮಳೆಗೆ ಹೊಲದಿಂದ ಏಳುವ ವಾಸನೆಯೂ ಇದೇ. ಹಾಗಾಗಿ ಬೇಸಿಗೆಯಲ್ಲಿ ನೀರಿಳಿದು ಹಸಿರುಗಟ್ಟಿದ ಕೆರೆಯ ಮೀನು ಹೆಚ್ಚು ನಾರುತ್ತದೆ, ದೀಪಾವಳಿಯಿಂದ ಶಿವರಾತ್ರಿವರೆಗಿನ ಹಿನ್ನೀರಿನ ಮೀನು ಕಡಿಮೆ. ಎಷ್ಟು ತೊಳೆದರೂ ಇದು ಹೋಗುವುದಿಲ್ಲ, ಏಕೆಂದರೆ ಇರುವುದು ಒಳಗೆ. ಹುಳಿಗೆ ಮಾತ್ರ ಜಗ್ಗುತ್ತದೆ. ಚರ್ಮ ಸುಲಿಯಿರಿ, ಪಕ್ಕೆಯುದ್ದಕ್ಕೂ ಇರುವ ಕಂದು-ಕೆಂಪು ಮಾಂಸದ ಪಟ್ಟಿಯನ್ನು ಕೊಯ್ದು ತೆಗೆಯಿರಿ, ಹೊಟ್ಟೆಯೊಳಗಿನ ಕಪ್ಪು ಪೊರೆ ಕೆರೆದುಹಾಕಿ. ಆಮೇಲೆ ಒಂದು ಕಿಲೋ ತುಂಡಿಗೆ ಅರ್ಧ ಲೀಟರ್ ಹುಳಿ ಮಜ್ಜಿಗೆ, ಎರಡು ಚಮಚ ಉಪ್ಪು ಹಾಕಿ 20 ನಿಮಿಷ ನೆನೆಸಿ, ತೊಳೆದು, ನೀರು ಬಸಿಯಲು ಬಿಡಿ. ಮೀನಿಗೂ ಮೊಸರಿಗೂ ಆಗಬರುವುದಿಲ್ಲ ಎಂದು ಕೊಲ್ಹಾರದ ಮಣ್ಣಿನ ಗಡಿಗೆಯ ಮೊಸರನ್ನು ದೂರ ಸರಿಸುವವರೂ ಈ ತೊಳೆಯುವ ಮಜ್ಜಿಗೆಗೆ ಬೇಡ ಅನ್ನುವುದಿಲ್ಲ. ಒಪ್ಪದವರು ಎರಡು ನಿಂಬೆಹಣ್ಣು ಹಿಂಡಿ, 15 ನಿಮಿಷ ಸಾಕು. ತಾಸುಗಟ್ಟಲೆ ಬಿಟ್ಟರೆ ಹುಳಿಗೇ ಮಾಂಸ ಅರ್ಧ ಬೆಂದಂತಾಗಿ, ಬಾಣಲೆಯಲ್ಲಿ ಸುಣ್ಣದಂತೆ ಪುಡಿಯಾಗುತ್ತದೆ.

ಕೊಯ್ಯುವಾಗ ಯಕೃತ್ತಿಗೆ ಅಂಟಿದ ಹಸಿರು ಪಿತ್ತದ ಚೀಲ ಒಡೆಯಬಾರದು. ಒಡೆದರೆ ತಾಗಿದ ಮಾಂಸವನ್ನು ಕತ್ತರಿಸಿ ಎಸೆಯಿರಿ, ಕಹಿ ಹೋಗುವುದಿಲ್ಲ. ಔಷಧಿ ಎಂದು ರೋಹು, ಕಟ್ಲಾದ ಪಿತ್ತವನ್ನು ಹಸಿಯಾಗಿ ನುಂಗುವ ರೂಢಿ ಅಲ್ಲಲ್ಲಿ ಇದೆ. ಅದು ಮೂತ್ರಪಿಂಡವನ್ನೇ ಕೆಡಿಸುವ ವಿಷ. ಖಂಡಿತ ಬೇಡ.

ಇನ್ನು ಕಡಲ ಮೀನು. ಉಪ್ಪುನೀರಿನಲ್ಲಿ ಬದುಕಲು ಅವು ಮೈಯಲ್ಲಿ ಗ್ಲೈಸಿನ್‌ನಂಥ ಅಮೈನೋ ಆಮ್ಲಗಳನ್ನು ಕೂಡಿಟ್ಟುಕೊಂಡಿರುತ್ತವೆ. ನಾಲಿಗೆಗೆ ಸಿಗುವ ಆ ಸಿಹಿ ಅಲ್ಲಿಯದು. ಅದಕ್ಕೇ ತಾಜಾ ಪಾಪ್ಲೆಟ್‌ಗೆ ಉಪ್ಪು, ಅರಿಶಿನ, ನಿಂಬೆ, ಸ್ವಲ್ಪ ಖಾರ ಸಾಕು. ಬೆಳ್ಳುಳ್ಳಿ ಮಸಾಲೆ ಬಳಿದು ಮುಚ್ಚಿದರೆ ಕೊಟ್ಟ ದುಡ್ಡು ದಂಡ. ಹೊಳೆ ಮೀನಿಗೆ ಮಸಾಲೆ ಬೇಕು, ಉಪ್ಪೂ ಒಂದು ಹಿಡಿತ ಮುಂದಿರಬೇಕು.

ಬೆಳಗಾವಿಯವರು ತಾರ್ಲಿ (ಬೂತಾಯಿ), ಬೊಂಬಿಲ್ (ಬಾಂಬೆ ಡಕ್), ನೋಗಲಿ (ಕಾಣೆ) ಎಲ್ಲ ಕೊಳ್ಳಬಹುದು. ಬಾಗಲಕೋಟೆ, ವಿಜಯಪುರದವರು ತಾರ್ಲಿಯನ್ನು ಬಿಟ್ಟುಬಿಡುವುದೇ ಲೇಸು. ಎಣ್ಣೆ ಮೀನು, ಹೊಟ್ಟೆ ತೆಳು. ಒಳಗಿನ ಜೀರ್ಣರಸ ಹೊಟ್ಟೆಯನ್ನೇ ಕರಗಿಸಿ ಒಡೆಯುತ್ತದೆ. ಬೊಂಬಿಲ್ ಅಂತೂ ನೀರಿನ ಚೀಲ, ಒಣಗಿಸಿದ್ದನ್ನೇ ತನ್ನಿ. ದೂರ ತಾಳುವುದು ಸುರ್ಮಾಯಿ, ಪಾಪ್ಲೆಟ್, ಹಲವಾ (ಕಪ್ಪು ಪಾಪ್ಲೆಟ್). ಬಂಗಡೆ ನಡುವಿನದು: ಅಕ್ಟೋಬರ್‌ನಿಂದ ಜನವರಿವರೆಗೆ ಕೊಬ್ಬಿ ಬಂದಾಗ ಅದಕ್ಕೆ ಸಾಟಿ ಇಲ್ಲ, ಆದರೆ ಬರ್ಫ ಕಡಿಮೆಯಾದರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ತಿಂದ ತಾಸಿನೊಳಗೆ ಮುಖ ಕೆಂಪಾಗಿ, ತುರಿಕೆ, ತಲೆನೋವು. ಕುದಿಸಿದರೂ ಹುರಿದರೂ ಅದು ನಾಶವಾಗುವುದಿಲ್ಲ. ಬಾಯಿಗಿಟ್ಟ ಕೂಡಲೇ ಮೆಣಸಿನಂತೆ ಚುರುಗುಟ್ಟಿದರೆ ಉಗುಳಿ.

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಇಲ್ಲಿ ಸಿಗುವ ಸುರ್ಮಾಯಿ ಬಹುಪಾಲು ಹೆಪ್ಪುಗಟ್ಟಿಸಿದ್ದು ಅಥವಾ ಪೂರ್ವ ಕರಾವಳಿಯಿಂದ ಬಂದದ್ದು. ಆ ಎರಡು ತಿಂಗಳು ಕೊರವ ಹುಡುಕಿ.

ಪಾಪ್ಲೆಟ್ ಹೆಸರಲ್ಲಿ ರೂಪಚಂದ ಮಾರುವುದು ನಮ್ಮ ಕಡೆ ಮಾಮೂಲು. ಕೆರೆಯಲ್ಲಿ ಸಾಕುವ, ದಕ್ಷಿಣ ಅಮೆರಿಕ ಮೂಲದ ಮೀನು ಅದು. ತುಟಿ ಎತ್ತಿ ನೋಡಿ, ಮನುಷ್ಯರಂಥ ಚಪ್ಪಟೆ ಹಲ್ಲು ಕಾಣುತ್ತವೆ. ಎದೆ ಕೆಂಪಗೆ ಇರುತ್ತದೆ. ಬಾಲದ ಹತ್ತಿರ ಬೆನ್ನ ಮೇಲೆ ಪುಟ್ಟ ತೊಗಲಿನ ರೆಕ್ಕೆ. ನಿಜವಾದ ಪಾಪ್ಲೆಟ್ ಬೆಳ್ಳಿ ಬಣ್ಣ, ಬಾಯಿ ಚಿಕ್ಕದು, ಹೊಟ್ಟೆ ಕೆಳಗೆ ಜೋಡಿ ರೆಕ್ಕೆ ಇಲ್ಲ. ರೂಪಚಂದ ತಿನ್ನಬಾರದೆಂದಲ್ಲ, ಹುರಿದರೆ ಚಲೋನೇ ಇರುತ್ತದೆ. ಪಾಪ್ಲೆಟ್ ದರ ಕೊಡಬಾರದು, ಅಷ್ಟೇ.

ಅಂಗಡಿಯಲ್ಲಿ ಕಣ್ಣೊಂದನ್ನೇ ನೋಡಿ ಮೋಸ ಹೋಗಬೇಡಿ. ಕಿವಿರು ಎತ್ತಿ: ಕೆಂಪಾಗಿ ಒದ್ದೆಯಿರಬೇಕು, ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿದ್ದರೆ ಹಳೆಯದು. ಬೆನ್ನ ಮೇಲೆ ಹೆಬ್ಬೆರಳು ಒತ್ತಿದರೆ ಕುಳಿ ತುಂಬಿಕೊಳ್ಳಬೇಕು. ಸುರ್ಮಾಯಿಯನ್ನು ಮೊದಲೇ ತುಂಡು ಮಾಡಿಟ್ಟಿದ್ದರೆ ನಡುಮುಳ್ಳಿನ ಸುತ್ತಲ ರಕ್ತ ನೋಡಿ, ಕಪ್ಪಾಗಿದ್ದರೆ ಬಿಡಿ. ಚೀಲದಲ್ಲಿ ಮೀನಿನಷ್ಟೇ ತೂಕದ ಪುಡಿ ಬರ್ಫ ಇರಲಿ. ಮೇ ತಿಂಗಳ ಬಿಸಿಲಲ್ಲಿ ಗಾಡಿಯ ಹ್ಯಾಂಡಲ್‌ಗೆ ತೂಗುಹಾಕಿ ತಂದರೆ ಆರಿಸಿದ್ದೆಲ್ಲ ವ್ಯರ್ಥ.

ಹುರಿಯಲು: ಎರಡು ಸೆಂಟಿಮೀಟರ್ ದಪ್ಪದ ಒಂದು ಕಿಲೋ ರೋಹು ಅಥವಾ ಕೊರವದ ತುಂಡಿಗೆ 10 ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಎರಡು ದೊಡ್ಡ ಚಮಚ ಬ್ಯಾಡಗಿ ಖಾರ, ಅರ್ಧ ಚಮಚ ಅರಿಶಿನ, ಎರಡು ಚಮಚ ಉಪ್ಪು, ಒಂದು ನಿಂಬೆಯ ರಸ ಅರೆದು ಹಚ್ಚಿ, ಅರ್ಧ ತಾಸು ಬಿಡಿ. ಮೇಲು ಹಿಟ್ಟಿಗೆ ರವೆಗಿಂತ ಜೋಳದ ಹಿಟ್ಟು ಮೇಲು: ನಾಲ್ಕು ಪಾಲು ಜೋಳ, ಒಂದು ಪಾಲು ಅಕ್ಕಿ. ಹಿಟ್ಟು ಹೊಸದಾಗಿ ಬೀಸಿದ್ದಿರಲಿ, ತಿಂಗಳು ಹಳೆಯದಾದರೆ ಹುರಿದಾಗ ಕಹಿ ಎದ್ದು ಬರುತ್ತದೆ. ಹೊರಳಿಸುವುದು ಹಂಚಿಗೆ ಹಾಕುವ ಗಳಿಗೆಯಲ್ಲೇ. ಮೊದಲೇ ಹೊರಳಿಸಿಟ್ಟರೆ ಹಿಟ್ಟು ನೀರು ಕುಡಿದು ಎಣ್ಣೆಯಲ್ಲಿ ಕಳಚಿಕೊಳ್ಳುತ್ತದೆ. ಕಬ್ಬಿಣದ ಹಂಚಿನಲ್ಲಿ ತುಂಡಿನ ಕಾಲುಭಾಗ ಮುಳುಗುವಷ್ಟು ಎಣ್ಣೆ ಕಾಯಿಸಿ. ಚಿಟಿಕೆ ಹಿಟ್ಟು ಉದುರಿಸಿದರೆ ಚುಂಯ್ ಅಂದು ತೇಲಬೇಕು. ಮೊದಲ ಮಗ್ಗುಲು ಐದು ನಿಮಿಷ, ಮುಟ್ಟಬೇಡಿ. ಬೆಂದರೆ ತಾನೇ ಹಂಚು ಬಿಡುತ್ತದೆ. ಎಬ್ಬಿಸಿದರೆ ಚರ್ಮ ಹಂಚಿನಲ್ಲೇ ಉಳಿಯುತ್ತದೆ. ಎರಡನೆಯ ಮಗ್ಗುಲು ನಾಲ್ಕು ನಿಮಿಷ. ಮುಚ್ಚಳ ಬೇಡ, ಹಬೆಗೆ ಗರಿಗರಿ ಹೋಗುತ್ತದೆ.

ಕಟ್ಲಾ ಸಾರಿಗೆ: ಎರಡು ಈರುಳ್ಳಿ, ಅರ್ಧ ಗಿಟುಕು ಒಣಕೊಬ್ಬರಿ ಸುಟ್ಟು, ಧನಿಯಾ, ಬೆಳ್ಳುಳ್ಳಿ ಜೊತೆ ನುಣ್ಣಗೆ ಅರೆಯಿರಿ. ಮಸಾಲೆ ಎಣ್ಣೆ ಬಿಡುವತನಕ ಹುರಿದು, ನಿಂಬೆ ಗಾತ್ರದ ಹುಣಸೆಯ ರಸ, ಮುಕ್ಕಾಲು ಲೀಟರ್ ಬಿಸಿನೀರು ಹಾಕಿ 10 ನಿಮಿಷ ಕುದಿಸಿ. ಹುಣಸೆಯ ಹಸಿ ಹೋದ ಮೇಲೆಯೇ ಮೀನು. ತಲೆ ಮೊದಲು, ಮೂರು ನಿಮಿಷ ಬಿಟ್ಟು ತುಂಡುಗಳು. ಆಮೇಲೆ ಸಣ್ಣ ಉರಿಯಲ್ಲಿ ಎಂಟರಿಂದ ಹತ್ತು ನಿಮಿಷ. ಸೌಟು ಹಾಕದೆ ಪಾತ್ರೆಯ ಅಂಚು ಹಿಡಿದು ತಿರುಗಿಸಿ. ಒಂದು ಚಮಚ ಗುರೆಳ್ಳು ಪುಡಿ ಕೊನೆಗೆ ಉದುರಿಸಿದರೆ ಕಟ್ಲಾಕ್ಕೆ ಹೊಂದುತ್ತದೆ. ಬಂಗಡೆಗೆ ಬೇಡ, ಅದರ ಎಣ್ಣೆ ಅದಕ್ಕೇ ಸಾಕು. ಅದಕ್ಕೆ ಹಸಿ ತೆಂಗು, ನಾಲ್ಕು ಆಮಸೂಲ (ಒಣಗಿಸಿದ ಕೋಕಂ ಸಿಪ್ಪೆ), ಬೀಜ ತೆಗೆದ ಆರು ತಿರಫಳ (ಜುಮ್ಮನಕಾಯಿ). ಬಂಗಡೆ ಸಾರನ್ನು ಬಿಸಿಯಾಗಿಯೇ ಉಣ್ಣಿ. ಕಟ್ಲಾ ಸಾರನ್ನು ಮಾತ್ರ ಒಲೆಯಿಂದ ಇಳಿಸಿ ಒಂದು ತಾಸು ಬಿಟ್ಟು, ಕಟಕ್ ರೊಟ್ಟಿ ಮುರಿದು ಹಾಕಿಕೊಳ್ಳಿ.