ಹೆಸರು ಮುಚ್ಚಿಟ್ಟು ರ‍್ಯಾಂಕ್ ಕೊಡುವುದು

2007ರ ಸೆಪ್ಟೆಂಬರ್ 1. ಎಂಎಸ್ ಓದಲು ಮಿಷಿಗನ್‌ನ ಆನ್ ಆರ್ಬರ್‌ಗೆ ಬಂದು ಎರಡು ವಾರವೂ ಆಗಿರಲಿಲ್ಲ. ರೂಮ್‌ಮೇಟ್ ಹಾಸನದವನು. "ಬಾರೋ, ಇವತ್ತು ಸುಲಭದ ಮ್ಯಾಚು, ಆಟ ಅರ್ಥ ಮಾಡ್ಕೊಳ್ಳೋಕೆ ಸರಿಹೋಗತ್ತೆ" ಅಂತ ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲ್ ನೋಡಲು ಎಳೆದುಕೊಂಡು ಹೋದ. ಸ್ಟೇಡಿಯಂನಲ್ಲಿ ಲಕ್ಷಕ್ಕೂ ಹೆಚ್ಚು ಜನ. ಮಿಷಿಗನ್‌ಗೆ ಆಗ ದೇಶದಲ್ಲಿ 5ನೇ ರ‍್ಯಾಂಕ್, ಎದುರಿಗಿದ್ದದ್ದು ಕೆಳಗಿನ ದರ್ಜೆಯ ಅಪಲಾಚಿಯನ್ ಸ್ಟೇಟ್. ಕೊನೆಗಳಿಗೆಯಲ್ಲಿ ಮಿಷಿಗನ್ ಒದ್ದ ಚೆಂಡಿಗೆ ಅವರ ಹುಡುಗನೊಬ್ಬ ಅಡ್ಡ ಹಾರಿದ. 34–32, ಮಿಷಿಗನ್ ಸೋತಿತು. ನನಗೆ ನಿಯಮವೇ ಗೊತ್ತಿರಲಿಲ್ಲ, ಆದರೆ ಅಷ್ಟು ಜನ ಒಟ್ಟಿಗೆ ಸುಮ್ಮನಾದದ್ದು ಇನ್ನೂ ನೆನಪಿದೆ.

ತಂಡಗಳಿಗೆ ರ‍್ಯಾಂಕ್ ಕೊಡುವ ಎಪಿ ಸುದ್ದಿಸಂಸ್ಥೆಯ ಮುಂದಿನ ಪಟ್ಟಿಯಲ್ಲಿ ಮಿಷಿಗನ್ ಮೊದಲ 25ರೊಳಗೇ ಇರಲಿಲ್ಲ. ಇಳಿಸಿದ್ದು ಸರಿಯೇ. ನನ್ನ ತಲೆ ಕೊರೆದ ಪ್ರಶ್ನೆ ಬೇರೆ: ಒಂದೂ ಮ್ಯಾಚು ಆಡದ ತಂಡವನ್ನು 5ನೇ ಜಾಗದಲ್ಲಿ ಕೂರಿಸಿದ್ದು ಯಾವ ಲೆಕ್ಕದಲ್ಲಿ?

ಎಪಿಯ ಈ ಪಟ್ಟಿ 1936ರಿಂದ ನಡೆಯುತ್ತಿದೆ. ಕ್ರೀಡಾ ಪತ್ರಕರ್ತರು ತಲಾ 25 ತಂಡ ಬರೆದು ಕೊಡುತ್ತಾರೆ. ಮೊದಲ ಜಾಗಕ್ಕೆ 25 ಅಂಕ, ಎರಡಕ್ಕೆ 24, ಹೀಗೆ ಇಳಿಯುತ್ತದೆ. ನಮ್ಮ ಐಪಿಎಲ್ ಪಾಯಿಂಟ್ಸ್ ಟೇಬಲ್‌ನಂತೆ ಸುಲಭವಲ್ಲ. ಮೇಲ್ದರ್ಜೆಯಲ್ಲೇ 130ಕ್ಕೂ ಹೆಚ್ಚು ತಂಡ, ಪ್ರತಿ ತಂಡಕ್ಕೆ ಹನ್ನೆರಡು ಲೀಗ್ ಮ್ಯಾಚು. ಬಹುಪಾಲು ತಂಡಗಳು ಪರಸ್ಪರ ಮುಖವನ್ನೇ ನೋಡುವುದಿಲ್ಲ. ಹಾಗಾಗಿ ಸೀಸನ್ನಿಗೆ ಮೊದಲು ಊಹಿಸಿ ಬರೆದ ಪಟ್ಟಿಯೇ ವಾರ ವಾರ ತಿದ್ದಿಸಿಕೊಳ್ಳುತ್ತಾ ಡಿಸೆಂಬರ್‌ವರೆಗೆ ಉಳಿದುಬಿಡುತ್ತದೆ. ಆಗೆಲ್ಲ ಫೈನಲ್‌ಗೆ ಶ್ರೇಯಾಂಕದ ಮೊದಲ ಎರಡು ತಂಡಕ್ಕಷ್ಟೇ ಜಾಗ. 2004ರಲ್ಲಿ ಆಬರ್ನ್ ತಂಡ ಶುರುವಾದದ್ದು 17ರಿಂದ. ಯುಎಸ್‌ಸಿ, ಓಕ್ಲಹೋಮ ಆರಂಭದಲ್ಲೇ ಒಂದು, ಎರಡು. ಮೂವರೂ ಸೋಲಲಿಲ್ಲ, ಫೈನಲ್‌ಗೆ ಹೋದದ್ದು ಮೊದಲೇ ಮೇಲಿದ್ದ ಇಬ್ಬರು. ಓಕ್ಲಹೋಮ ಅಲ್ಲಿ 55–19ರಿಂದ ಸೋತಿತು. ಆಬರ್ನ್ 13–0 (ಹದಿಮೂರು ಗೆಲುವು, ಸೋಲೇ ಇಲ್ಲ) ಇಟ್ಟುಕೊಂಡು ಮನೆಗೆ ಹೋಯಿತು.

ನಮ್ಮ ಆಫೀಸಿನಲ್ಲಿ ಹದಿನಾಲ್ಕು ಜನ ಸೇರಿ ನಮ್ಮದೇ ಒಂದು ಪೋಲ್ ಮಾಡುತ್ತೇವೆ. ಮೊದಲ ವರ್ಷ ನಾನೂ ಎಲ್ಲರಂತೆ ಹಳೇ ಪಟ್ಟಿ ತೆರೆದು ಸೋತವರನ್ನು ನಾಲ್ಕು ಜಾಗ ಕೆಳಕ್ಕೆ ತಳ್ಳುತ್ತಿದ್ದೆ. ಈಗ ಪ್ರತಿ ಭಾನುವಾರ ಖಾಲಿ ಹಾಳೆಯಿಂದಲೇ ಶುರು. ಮೊದಲ ನಾಲ್ಕು ವಾರ ಓಟೇ ಹಾಕುವುದಿಲ್ಲ. ಅದಕ್ಕೆ ಬೈಸಿಕೊಂಡಿದ್ದೇನೆ ಕೂಡ.

ಲೆಕ್ಕಕ್ಕೆ ಆಧಾರ ಕಾಲಿ ಎಂಬ ಖಗೋಳವಿಜ್ಞಾನಿಯ ವಿಧಾನ. ಅದರಲ್ಲಿ ಎಲ್ಲರೂ 0.5ರಿಂದ ಶುರು, ಆಮೇಲೆ ಎದುರಾಳಿಯ ಅಂಕವೂ ನಮ್ಮ ಅಂಕದೊಳಗೆ ಸೇರುತ್ತದೆ. ಇಬ್ಬರೇ ಇದ್ದು ಒಂದೇ ಮ್ಯಾಚು ಆಡಿದರೆ ಗೆದ್ದವನಿಗೆ 0.625, ಸೋತವನಿಗೆ 0.375. ಎಷ್ಟು ಅಂತರದಿಂದ ಗೆದ್ದೆ ಅನ್ನುವುದು ಲೆಕ್ಕಕ್ಕಿಲ್ಲ. ಎಕ್ಸೆಲ್‌ನಲ್ಲಿ ಕೂರಿಸಲು ನನಗೆ ಎರಡು ರಾತ್ರಿ ಹಿಡಿಯಿತು. ಒಂದು ಸಲ ಹವಾಯಿಯ ಮ್ಯಾಚೊಂದನ್ನು ತುಂಬುವುದು ಮರೆತೆ. ಅವರ ಆಟ ಮುಗಿಯುವಾಗ ನಮಗೆ ನಸುಕು, ನಾನು ನಿದ್ದೆಯಲ್ಲಿದ್ದೆ. ಹವಾಯಿಗೆ ಸಂಬಂಧವೇ ಇಲ್ಲದ ಎರಡು ತಂಡ ಹಿಂದುಮುಂದಾಗಿದ್ದವು. ನಾಚಿಕೆಯಾಯಿತು. ಆದರೆ ಆಗ ಅಧಿಕೃತ ಶ್ರೇಯಾಂಕಕ್ಕೆ ಕಾಲಿಯ ಲೆಕ್ಕವೂ ಸೇರುತ್ತಿತ್ತು; 2010ರಲ್ಲಿ ಅವರ ಪಟ್ಟಿಯಲ್ಲೇ ಕೆಳದರ್ಜೆಯ ಒಂದು ಮ್ಯಾಚು ಬಿಟ್ಟುಹೋಗಿ, ಅಂತಿಮ ಅಧಿಕೃತ ಶ್ರೇಯಾಂಕದಲ್ಲಿ ಬೋಯ್ಸಿ ಸ್ಟೇಟ್ ಇರಬೇಕಾದ 10ನೇ ಜಾಗದಲ್ಲಿ ಎಲ್‌ಎಸ್‌ಯು ಕೂತಿತ್ತು, ಆಮೇಲೆ ತಿದ್ದಿದರು. ಅದನ್ನು ಓದಿದ ಮೇಲೆ ಸ್ವಲ್ಪ ಸಮಾಧಾನ.

ಲೆಕ್ಕದಲ್ಲಿ ಅಕ್ಕಪಕ್ಕ ಕೂರುವ ತಂಡಗಳನ್ನು ಬಿಡಿಸುವುದೇ ಕಷ್ಟದ ಕೆಲಸ. ಯಾರು ಯಾರನ್ನು ಸೋಲಿಸಿದರು ಅಂತ ನೋಡಿದರೆ ಸಾಕಲ್ಲ ಅನ್ನುತ್ತಾರೆ. 2008ರಲ್ಲಿ ಟೆಕ್ಸಾಸ್ ಓಕ್ಲಹೋಮವನ್ನು, ಟೆಕ್ಸಾಸ್ ಟೆಕ್ ಟೆಕ್ಸಾಸನ್ನು, ಓಕ್ಲಹೋಮ ಟೆಕ್ಸಾಸ್ ಟೆಕ್ಕನ್ನು ಸೋಲಿಸಿತ್ತು. ಅಲ್ಲಿ ಏನು ಮಾಡುತ್ತೀರಿ?

ಅದಕ್ಕೆ ಹೆಂಡತಿಯನ್ನು ಕೂರಿಸಿಕೊಳ್ಳುತ್ತೇನೆ. ಅವಳಿಗೆ ಈ ಆಟದ ಗಂಧಗಾಳಿಯಿಲ್ಲ, ಅದೇ ಅನುಕೂಲ. ಪ್ರಿಂಟ್ ತೆಗೆದ ಹಾಳೆಯಲ್ಲಿ ಹೆಸರಿನ ಕಾಲಮ್ಮನ್ನು ಮಡಚಿ, ಸಾಲುಗಳನ್ನು ಕತ್ತರಿಸಿ, ಕಲಸಿ ಕೊಡುತ್ತಾಳೆ. ನನಗೆ ಕಾಣುವುದು ಗೆಲುವು, ಸೋಲು, ಎದುರಾಳಿಗಳ ಗೆಲುವು, ಹೊರಗಿನ ಊರಲ್ಲಿ ಗೆದ್ದದ್ದು, ಇಷ್ಟೇ. ಒಂದು ಸಲ ಒಂದು ಚೀಟಿಯನ್ನು ಹನ್ನೊಂದಕ್ಕೆ ಇಳಿಸಿದೆ. ಬಿಚ್ಚಿ ನೋಡಿ ನಕ್ಕಳು: "ರೀ, ಇದು ನಿಮ್ಮ ಮಿಷಿಗನ್ನು. ತಿದ್ಕೋತೀರಾ?" ಕೈ ಮುಂದೆ ಹೋಗಿತ್ತು, ಸುಳ್ಳು ಹೇಳುವುದಿಲ್ಲ. ತಿದ್ದಲಿಲ್ಲ.

2023ರಲ್ಲಿ ಫ್ಲೋರಿಡಾ ಸ್ಟೇಟ್ 13–0. ಚೆಂಡು ಎಸೆದು ಆಟ ನಡೆಸುವ ಅವರ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಕಾಲು ಮುರಿದುಕೊಂಡಿದ್ದ. ಅವನಿಲ್ಲದೆ ತಂಡ ಮೊದಲಿನಂತಿಲ್ಲ ಅಂತ, ಆಗ ನಾಲ್ಕೇ ತಂಡಕ್ಕೆ ಜಾಗವಿದ್ದ ಪ್ಲೇಆಫ್‌ಗೆ ತಂಡ ಆರಿಸುವ ಸಮಿತಿಯ 13 ಜನ ಅದನ್ನು ಐದಕ್ಕೆ ಇಳಿಸಿ, ಒಂದು ಮ್ಯಾಚು ಸೋತಿದ್ದ ಅಲಬಾಮಾವನ್ನು ನಾಲ್ಕಕ್ಕೆ ತಂದರು. ನಾನು ಒಪ್ಪುವುದಿಲ್ಲ. ಪಟ್ಟಿ ಹೇಳಬೇಕಾದ್ದು ಆಗಿದ್ದನ್ನು. ನಾಳೆ ಯಾರು ಗೆಲ್ಲಬಹುದು ಅನ್ನುವುದು ಬಾಜಿ ಕಟ್ಟುವವರ ಕೆಲಸ. 2014ರಲ್ಲಿ ಒಹಾಯೊ ಸ್ಟೇಟ್ ಮೂರನೇ ಆಯ್ಕೆಯ ಕ್ವಾರ್ಟರ್‌ಬ್ಯಾಕನ್ನು ಇಟ್ಟುಕೊಂಡೇ ಚಾಂಪಿಯನ್ ಆಗಿತ್ತಲ್ಲ! ನನ್ನ ಹಾಳೆಯಲ್ಲಿ ಫ್ಲೋರಿಡಾ ಸ್ಟೇಟ್‌ಗೆ ಮೂರನೇ ಜಾಗ.

ಸೀಸನ್ ಕೊನೆಯ ಆರೆಂಜ್ ಬೌಲ್ ಮ್ಯಾಚಿನಲ್ಲಿ ಜಾರ್ಜಿಯಾ ಅವರನ್ನು 63–3ರಿಂದ ಬಡಿಯಿತು. ಫ್ಲೋರಿಡಾ ಸ್ಟೇಟ್‌ನ ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಆಡಲೇ ಇಲ್ಲ, ಆದರೆ ಅದನ್ನು ಕೇಳುವವರಾರು? ಹಾಸನದವನಿಂದ ವಾಟ್ಸಾಪ್ ಬಂತು: "ಏನಪ್ಪಾ, ಮೂರನೇ ರ‍್ಯಾಂಕು?" ಆ ಮ್ಯಾಚನ್ನೂ ಲೆಕ್ಕಕ್ಕೆ ಹಾಕಿ ಕೊನೆಯ ಪಟ್ಟಿ ಬರೆದು ಅವನಿಗೇ ಮೊದಲು ಕಳಿಸಿದೆ. ಡಿಸೆಂಬರ್‌ನ ಹಾಳೆಯನ್ನು ಮಾತ್ರ ಮುಟ್ಟಲಿಲ್ಲ.